ಡಿ ಡ್ರೈವ್‌ನಲ್ಲಿ ಇಟ್ಟಿದ್ದು ಬ್ಯಾಕಪ್ ಅಲ್ಲ ಕಣ್ರೀ: ಕಂಪ್ಯೂಟರ್‌ನ ಮೇನ್ ಡಿಸ್ಕ್ ಕ್ಲೋನ್ ಮಾಡೋದು ಹೆಂಗೆ

ಹೋದ್ ಮಳೆಗಾಲ ಆಲ್ದೂರು ಕಡೆ ಎಸ್ಟೇಟ್ ರೈಟರ್ ಒಬ್ರು, ಅಂದ್ರೆ ತೋಟದ ಲೆಕ್ಕಪತ್ರ ಬರೆಯೋರು, ಸಿಪಿಯುನ ಖಾಲಿ ಗೊಬ್ಬರದ ಚೀಲದಲ್ಲಿ ಸುತ್ಕೊಂಡು, ಬಸ್ಸಲ್ಲಿ ತೊಡೆ ಮೇಲೇ ಇಟ್ಕೊಂಡು ಚಿಕ್ಕಮಗಳೂರಿಗೆ ಬಂದು ನಮ್ಮ ಡಿಟಿಪಿ ಅಂಗಡಿ ಟೇಬಲ್ ಮೇಲೆ ಇಳಿಸಿದ್ರು. "ಅಣ್ಣಾ, ಆನ್ ಏನೋ ಆಗುತ್ತೆ, ಆದ್ರೆ ಹೋಗಿ ಕಾಫಿ ಕುಡ್ಕೊಂಡ್ ಬಂದ್ರೂ ಡೆಸ್ಕ್‌ಟಾಪ್ ಬಂದಿರಲ್ಲ" ಅಂದ್ರು. ಸೈಡ್ ಪ್ಯಾನಲ್ ಬಿಚ್ಚಿ, ಕರೆಂಟ್ ಕೊಟ್ಟು, ಕಿವಿ ಹತ್ರ ಹಿಡಿದೆ. ಕಟ್... ಕಟ್... ಸ್ವಲ್ಪ ಹೊತ್ತು ಸುಮ್ನೆ, ಆಮೇಲೆ ಮತ್ತೆ ಕಟ್. ಈ ಸದ್ದು ಕೇಳಿದ್ರೆ ನಂಗೆ ಹೊಟ್ಟೆ ಒಳಗೆ ಒಂಥರಾ ಆಗುತ್ತೆ.

"ಏನೇನಿದೆ ಸಾರ್ ಇದ್ರಲ್ಲಿ?"

"ಎಲ್ಲಾ ಇದೆ. ಆಳುಗಳ ಹಾಜರಿ ಚೆಕ್‌ರೋಲು, ಕುಯ್ಲು ಲೆಕ್ಕ, ಟ್ಯಾಲಿ ಅಕೌಂಟು, 12 ವರ್ಷದ್ದು."

"ಬ್ಯಾಕಪ್ಪು?"

"ಇದೆಯಲ್ಲ ಅಣ್ಣ, ಎಲ್ಲಾ ಡಿ ಡ್ರೈವ್‌ಗೂ ಹಾಕಿಟ್ಟಿದೀನಿ."

ಸಿ ಡ್ರೈವು ಡಿ ಡ್ರೈವು ಎರಡೂ ಅದೇ ಕಟ್ ಕಟ್ ಅಂತಿರೋ ಡಬ್ಬಿ ಒಳಗೇ ಇರೋದು, ಒಂದೇ ಮನೆಗೆ ಮಧ್ಯ ಗೋಡೆ ಕಟ್ಟಿದ ಹಂಗೆ, ಮನೆ ಬಿದ್ರೆ ಎರಡು ರೂಮೂ ಬೀಳುತ್ತೆ ಅಂತ ಅವರಿಗೆ ಹೇಳೋದು ಬಹಳ ಕಷ್ಟ ಆಯ್ತು. ಅವರ ಕಥೆ ಏನಾಯ್ತು ಅಂತ ಕೊನೇಲಿ ಹೇಳ್ತೀನಿ. ಅವತ್ತಿಂದ ಇದನ್ನ ಬರೆದು ಹಾಕ್ಬೇಕು ಅಂತಿದ್ದೆ, ಯಾಕಂದ್ರೆ ನಮ್ಮ ಅಂಗಡಿಗೆ ಬರೋರಲ್ಲಿ ಮುಕ್ಕಾಲು ಪಾಲು ಜನ ಡಿಸ್ಕ್ ಸತ್ತ ಮೇಲೇ ಬರ್ತಾರೆ, ಬದುಕಿದ್ದಾಗ ಯಾರೂ ಬರಲ್ಲ.

ಮೊದ್ಲು ಮೂರು ಪದ ಬಿಡಿಸ್ಕೊಂಡ್ ಬಿಡೋಣ. ಫೈಲ್‌ಗಳನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿದ್ರೆ ಅದು ಫೈಲ್ ಬ್ಯಾಕಪ್. ಇಡೀ ಡಿಸ್ಕನ್ನ, ಅಂದ್ರೆ ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗು, ಕಂಪ್ಯೂಟರ್ ಆನ್ ಆಗಕ್ಕೆ ಬೇಕಾದ, ಕಣ್ಣಿಗೆ ಕಾಣದ ಬೂಟ್ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಸಮೇತ, ಒಂದು ದೊಡ್ಡ ಫೈಲ್ ಥರ ಕಟ್ಟಿಟ್ರೆ ಅದು ಇಮೇಜ್. ಹಂಗೇ ಇನ್ನೊಂದು ಡಿಸ್ಕ್ ಮೇಲೆ ಅಚ್ಚು ಇಳಿಸಿದ್ರೆ ಅದು ಕ್ಲೋನ್, ಆ ಡಿಸ್ಕ್ ತೆಗೆದು ಹಾಕಿದ್ರೆ ಕಂಪ್ಯೂಟರ್ ಏನೂ ಆಗೇ ಇಲ್ಲ ಅನ್ನೋ ಥರ ಆನ್ ಆಗ್ಬೇಕು. ಫೋಟೋ ವರ್ಡ್ ಫೈಲ್ ಮಾತ್ರ ಇರೋರಿಗೆ ಫೈಲ್ ಕಾಪಿ ಸಾಕು ಸ್ವಾಮಿ, ಕ್ಲೋನ್ ಗೊಡವೆ ಬೇಡ. ನಂಥೋರಿಗೆ ಕ್ಲೋನೇ ಬೇಕು. ನನ್ನ ಮೆಷಿನ್‌ನಲ್ಲಿ ಪೇಜ್ ಡಿಸೈನ್ ಮಾಡೋ ಪೇಜ್‌ಮೇಕರ್ 7 ಇದೆ, ಅದು ಬಂದಿದ್ದು 2001ರಲ್ಲಿ, ಸಿಡಿ ಯಾವಾಗ್ಲೋ ಗೀರು ಬಿದ್ದು ಹೋಯ್ತು. ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್‌ದು ಹಳೇ ವರ್ಷನ್ ಇದೆ, ಸಾವಿರಾರು ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲಾ ನುಡಿ 01 ಇ ಫಾಂಟ್‌ನಲ್ಲಿ ಕೂತಿದೆ. ಒಂದು ಪ್ರಿಂಟರ್ ಇದೆ, ಅದರ ಡ್ರೈವರ್ ಹುಡ್ಕಿ ಹಾಕಕ್ಕೆ ನಂಗೆ ಎರಡು ದಿನ ಹಿಡಿದಿತ್ತು. ಇದನ್ನೆಲ್ಲ ಹೊಸದಾಗಿ ಇನ್‌ಸ್ಟಾಲ್ ಮಾಡ್ತಾ ಕೂತ್ರೆ ಮದುವೆ ಸೀಸನ್ನೇ ಮುಗಿದಿರುತ್ತೆ.

ಈಗ ಹೊಸ ಡಿಸ್ಕ್ ತಗೊಳ್ಳೋ ವಿಷ್ಯ. ಕಂಪ್ಯೂಟರಲ್ಲಿ ಇನ್ನೂ ತಿರುಗೋ ಹಾರ್ಡ್‌ಡಿಸ್ಕ್ ಇದ್ರೆ ಕ್ಲೋನ್ ಮಾಡುವಾಗ್ಲೇ ಎಸ್‌ಎಸ್‌ಡಿಗೆ, ಅಂದ್ರೆ ಒಳಗೆ ಏನೂ ತಿರುಗದ ಚಿಪ್ ಡಿಸ್ಕಿಗೆ, ಹೋಗ್ಬಿಡಿ, ಹಳೇ ಮೆಷಿನ್ನೂ ಓಡುತ್ತೆ. ಆದ್ರೆ ಸೈಜಲ್ಲಿ ಎಲ್ಲರೂ ಬೀಳೋ ಗುಂಡಿ ಒಂದಿದೆ. ಹಳೇದು 500 ಜಿಬಿ ಇದೆ, ಅಂಗಡಿಯೋರು 480 ಜಿಬಿ ಎಸ್‌ಎಸ್‌ಡಿ ಕೊಡ್ತಾರೆ, "ಎಲ್ಲಾ ಒಂದೇ ಸಾರ್" ಅಂತಾರೆ. ಒಂದೇ ಅಲ್ಲ. ಕಂಪನಿಯೋರು 1000ದ ಲೆಕ್ಕದಲ್ಲಿ ಜಿಬಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ, ಹಾಗಾಗಿ 500 ಅನ್ನೋದು 465 ಅಂತ ಕಾಣುತ್ತೆ, 480 ಅನ್ನೋದು 447 ಅಂತ ಕಾಣುತ್ತೆ. ಒಳಗೆ ಬರೀ 100 ಜಿಬಿ ತುಂಬಿದ್ರೂ, ನಾನು ಕೆಳಗೆ ಹೇಳೋ ಸಾಫ್ಟ್‌ವೇರ್ ಸುಮ್ನೆ ಬಿಟ್ರೆ ಚಿಕ್ಕ ಡಿಸ್ಕಿಗೆ ಮಾಡಲ್ಲ ಅಂತ ನಿಂತ್ಬಿಡುತ್ತೆ. ಅದಕ್ಕೆ ಹಳೇದಕ್ಕೆ ಸಮ ಇಲ್ಲಾ ದೊಡ್ಡದು ತಗೊಳ್ಳಿ. ಚಿಕ್ಕದೇ ತಗೊಂಡ್ ಆಗಿದೆ ಅಂದ್ರೆ ಎಸ್‌ಎಸ್‌ಡಿ ಕಂಪನಿಯ ಫ್ರೀ ಸಾಫ್ಟ್‌ವೇರ್ ಟ್ರೈ ಮಾಡಿ, ಸ್ಯಾಮ್‌ಸಂಗ್‌ದು ಡೇಟಾ ಮೈಗ್ರೇಶನ್ ಅಂತಿದೆ, ಕ್ರೂಶಿಯಲ್ ಕಿಂಗ್‌ಸ್ಟನ್ ಎಲ್ಲಾ ಅಕ್ರೋನಿಸ್ ಕೊಡ್ತಾರೆ, ತುಂಬಿರೋ ಡೇಟಾ ಹಿಡಿಸಿದ್ರೆ ಅವು ಪಾರ್ಟಿಶನ್ ಕುಗ್ಗಿಸಿ ಕೂರಿಸ್ತವೆ. ಮೊದ್ಲು ಎಲ್ಲರೂ ಮ್ಯಾಕ್ರಿಯಂ ರಿಫ್ಲೆಕ್ಟ್ ಫ್ರೀ ಬಳಸ್ತಿದ್ವಿ, ಆ ಫ್ರೀ ವರ್ಷನ್ನಿಗೆ 2024ರ ಜನವರಿಗೆ ಸಪೋರ್ಟ್ ನಿಲ್ಸಿದ್ರು, ಹಳೇ ವಿಡಿಯೋ ನೋಡ್ಕೊಂಡು ಹುಡ್ಕಕ್ಕೆ ಹೋಗ್ಬೇಡಿ.

ಮೆಷಿನ್ ಬಿಚ್ಚಿ ನೋಡಿ ಯಾವ ಥರದ ಡಿಸ್ಕ್ ಅಂತ ಖಾತ್ರಿ ಮಾಡ್ಕೊಂಡೇ ಅಂಗಡಿಗೆ ಹೋಗಿ. ಅಂಗೈ ಅಗಲ ಇರೋದು ಸಾಟಾ, ಚ್ಯೂಯಿಂಗ್ ಗಮ್ ಪಟ್ಟಿ ಥರ ಇರೋದು ಎಂ.2. ಈ ಎಂ.2ನಲ್ಲೂ ಸಾಟಾ ಅನ್ನೋ ಹಳೇ ಥರದ ಕನೆಕ್ಷನ್ ಬೇರೆ, ಎನ್‌ವಿಎಂಇ ಅನ್ನೋ ಹೊಸ ಥರದ್ದು ಬೇರೆ, ಹಳೇ ಮದರ್‌ಬೋರ್ಡ್ ಬಹಳಷ್ಟು ಎನ್‌ವಿಎಂಇ ಇಂದ ಬೂಟೇ ಆಗಲ್ಲ. ಜೊತೆಗೆ ಒಂದು ಸಾಟಾ ಟು ಯುಎಸ್‌ಬಿ ಕೇಬಲ್, ಒಂದು ಖಾಲಿ ಪೆನ್‌ಡ್ರೈವ್, ಒಂದು ಒಳ್ಳೇ ಸ್ಕ್ರೂಡ್ರೈವರ್. ಅಷ್ಟೇ ಸಾಮಾನು.

ಮುಟ್ಟೋ ಮುಂಚೆ ಹಳೇ ಡಿಸ್ಕಿನ ನಾಡಿ ಹಿಡಿದು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ತೆಗೆದ ತಕ್ಷಣ ಮೇಲ್ಗಡೆ ನೀಲಿ ಬಣ್ಣದಲ್ಲಿ ಗುಡ್ ಅಂತಿದ್ರೆ ಸರಿ, ಹಳದಿಯಲ್ಲಿ ಕಾಶನ್ ಅಂತಿದ್ರೆ ಕೆಳಗಿನ ಪಟ್ಟೀಲಿ 05, ಸಿ5, ಸಿ6 ಅನ್ನೋ ಸಾಲು ನೋಡಿ. 05 ಅಂದ್ರೆ ಕೆಟ್ಟು ಹೋಗಿ ಬದಲಿ ಜಾಗ ಕೊಟ್ಟಿರೋ ಸೆಕ್ಟರ್‌ಗಳು (ಡೇಟಾ ಕೂರೋ ಚಿಕ್ಕ ಚಿಕ್ಕ ಕೋಣೆಗಳು), ಸಿ5 ಅಂದ್ರೆ ಓದಕ್ಕೆ ಆಗ್ದೆ ಒದ್ದಾಡ್ತಿರೋವು, ಸಿ6 ಅಂದ್ರೆ ಕೈ ಬಿಟ್ಟವು. ಈ ಸಿ5 ದಿನಾ ಏರ್ತಾ ಇದ್ರೆ ಕ್ಲೋನ್ ಗೀನ್ ಎಲ್ಲಾ ಪಕ್ಕಕ್ಕಿಟ್ಟು ಮೊದ್ಲು ಮುಖ್ಯವಾದ ಫೋಲ್ಡರ್‌ಗಳನ್ನ ಬೇರೆ ಡಿಸ್ಕಿಗೆ ಎಳ್ಕೊಳ್ಳಿ. ಸಾಯ್ತಿರೋ ಡಿಸ್ಕ್ ಮೇಲೆ ಎರರ್ ಚೆಕಿಂಗ್ ಓಡ್ಸೋದು, ಡಿಫ್ರಾಗ್ ಹಾಕೋದು ಮಾಡಲೇಬೇಡಿ, ಜ್ವರ ಬಂದೋರನ್ನ ಮುಳ್ಳಯ್ಯನಗಿರಿ ಹತ್ತಿಸಿದ ಹಂಗೆ ಆಗುತ್ತೆ.

ಡಿಸ್ಕ್ ಆರೋಗ್ಯವಾಗೇ ಇದ್ರೂ ಮೊದ್ಲು ಫೈಲ್ ಕಾಪಿ ಆಗಲೇಬೇಕು, ಇದ್ರಲ್ಲಿ ರಿಯಾಯಿತಿ ಇಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಮತ್ತೆ ಸಿ ಡ್ರೈವ್ ಬುಡದಲ್ಲಿ ನೀವೇ ಯಾವತ್ತೋ ಮಾಡಿ ಮರ್ತಿರೋ "ನ್ಯೂ ಫೋಲ್ಡರ್ 2". ಟ್ಯಾಲಿ ಇರೋರು ಟ್ಯಾಲಿಪ್ರೈಮ್ ಒಳಗೆ ಆಲ್ಟ್ ವೈ ಒತ್ತಿ ಬ್ಯಾಕಪ್ ಬೇರೆ ತಗೊಳ್ಳಿ. ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನ ಕಿತ್ತು ಬೇರೆ ರೂಮಲ್ಲಿ ಇಡಿ. ಬೇರೆ ರೂಮಲ್ಲಿ ಯಾಕೆ ಅಂತ ಇನ್ನು ಸ್ವಲ್ಪ ಹೊತ್ತಲ್ಲಿ ಗೊತ್ತಾಗುತ್ತೆ.

ಆಮೇಲೆ ಬಿಟ್‌ಲಾಕರ್, ಅಂದ್ರೆ ಡಿಸ್ಕಿನ ಡೇಟಾಗೆ ವಿಂಡೋಸ್ ಹಾಕೋ ಬೀಗ (ಎನ್‌ಕ್ರಿಪ್ಶನ್). ಇದು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮ್ಗೆ ಗೊತ್ತಿಲ್ದಂಗೇ ಆನ್ ಆಗಿರುತ್ತೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೆಸಿ ಅಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಶನ್ ಅಂತ ಇದ್ಯಾ ನೋಡಿ. ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಒಂದಿರುತ್ತೆ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೇವ್ ಆಗಿರುತ್ತೆ, ಮೊಬೈಲಲ್ಲಿ ಲಾಗಿನ್ ಆಗಿ ಅದನ್ನ ಒಂದು ಹಾಳೆ ಮೇಲೆ ಪೆನ್ನಲ್ಲಿ ಬರ್ಕೊಳ್ಳಿ. ಬರ್ಕೊಂಡ್ ಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಸ್ಕ್ ಪೂರ್ತಿ ಬಿಚ್ಕೊಳ್ಳೋವರೆಗೆ ಕಾಯಿರಿ, ಒಂದೆರಡು ಗಂಟೆ ಆಗಬಹುದು. ಆನ್ ಇಟ್ಕೊಂಡೇ ಮಾಡಿದ್ರೆ ಒಳಗೆ ಏನಿದೆ ಅಂತ ಕ್ಲೋನ್ ಸಾಫ್ಟ್‌ವೇರ್‌ಗೆ ಕಾಣಲ್ಲ, ಖಾಲಿ ಜಾಗಾನೂ ಸೇರಿಸಿ ಸೆಕ್ಟರ್ ಸೆಕ್ಟರ್ ಕಾಪಿ ಹೊಡೀತಾ ಕೂರುತ್ತೆ. ಮತ್ತೆ ಬಯೋಸ್‌ನಲ್ಲಿ, ಅಂದ್ರೆ ವಿಂಡೋಸ್‌ಗಿಂತ ಮೊದ್ಲು ಬರೋ ಮದರ್‌ಬೋರ್ಡಿನ ಸೆಟ್ಟಿಂಗಲ್ಲಿ, ಸೆಕ್ಯೂರ್ ಬೂಟ್ ಮುಟ್ಟಿದ್ರೋ, ಆ 48 ಅಂಕಿ ಕೇಳ್ದೇ ಒಳಗೇ ಬಿಡಲ್ಲ.

ವಿಂಡೋಸ್ ಶಟ್‌ಡೌನ್ ಅಂದ್ರೆ ನಿಜವಾದ ಶಟ್‌ಡೌನ್ ಅಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಅರ್ಧ ನಿದ್ದೆಗೆ ಕಳಿಸುತ್ತೆ, ಆ ಸ್ಥಿತೀಲಿ ಕ್ಲೋನ್ ಮಾಡಕ್ಕೆ ಹೋದ್ರೆ ತಕರಾರು. ಕೀಬೋರ್ಡಲ್ಲಿ ಶಿಫ್ಟ್ ಹಿಡ್ಕೊಂಡು ಶಟ್‌ಡೌನ್ ಒತ್ತಿ, ಪೂರ್ತಿ ಆಫ್ ಆಗುತ್ತೆ. ಅದಕ್ಕಿಂತ ಮುಂಚೆ ರೀಸೈಕಲ್ ಬಿನ್ನು, ಟೆಂಪ್ ಫೈಲು ಖಾಲಿ ಮಾಡಿ, ಕಸಾನೂ ಕ್ಲೋನ್ ಮಾಡೋ ಅಗತ್ಯ ಇಲ್ಲ.

ಇನ್ನು ಕರೆಂಟು. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ರೆ ಮುಗೀತು. ಕ್ಲೋನ್ ಮಧ್ಯ ಕರೆಂಟ್ ಹೋದ್ರೆ ಹಳೇ ಡಿಸ್ಕಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಅದನ್ನ ಬರೀ ಓದ್ತಿರುತ್ತೆ ಅಷ್ಟೇ, ಆದ್ರೆ ಹೊಸದು ಅರೆಬೆಂದ ಅನ್ನ, ಮೊದಲಿಂದ ಮಾಡ್ಬೇಕು. ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ಫುಲ್ ಮಾಡಿ ಚಾರ್ಜರ್ ಹಾಕೇ ಇಡಿ, ಡೆಸ್ಕ್‌ಟಾಪ್ ಆದ್ರೆ ಯುಪಿಎಸ್ ಇಲ್ದೇ ಶುರು ಮಾಡ್ಬೇಡಿ. ಗುಡುಗು ಸಿಡಿಲು ಇದ್ದ ದಿನ ಈ ಕೆಲಸಾನೇ ಬೇಡ.

ಈಗ ನಿಜವಾದ ಕೆಲಸ. ನಾನು ಬಳಸೋದು ಕ್ಲೋನ್‌ಜಿಲ್ಲಾ. ಫ್ರೀ, ಓಪನ್ ಸೋರ್ಸ್, ತೈವಾನಿನ ಒಂದು ಸರ್ಕಾರಿ ಕಂಪ್ಯೂಟರ್ ಸಂಸ್ಥೇಲಿ ಹುಟ್ಟಿದ್ದು. ನೋಡಕ್ಕೆ ನೀಲಿ ಹಿನ್ನೆಲೆ, ಬೂದಿ ಬಣ್ಣದ ಡಬ್ಬ, ಮೌಸ್ ಕೂಡ ಬೇಕಾಗಲ್ಲ, 1990ರ ಬ್ಯಾಂಕ್ ಕೌಂಟರ್ ಥರ ಇದೆ. ಆದ್ರೆ ಇಷ್ಟು ವರ್ಷದಲ್ಲಿ ನಂಗೆ ಅದು ಮೋಸ ಮಾಡಿಲ್ಲ, ಮೋಸ ಮಾಡ್ಕೊಂಡಿದ್ದು ನಾನೇ. ಅದರ ಐಎಸ್‌ಒ ಫೈಲ್ ಇಳಿಸ್ಕೊಂಡು ರೂಫಸ್ ಅನ್ನೋ ಸಾಫ್ಟ್‌ವೇರಲ್ಲಿ ಪೆನ್‌ಡ್ರೈವ್‌ಗೆ ಹಾಕಿ. ಹೊಸ ಎಸ್‌ಎಸ್‌ಡಿನ ಯುಎಸ್‌ಬಿ ಕೇಬಲ್ಲಿಗೆ ಸಿಕ್ಸಿ ನೀಲಿ ಬಣ್ಣದ ಪೋರ್ಟಿಗೆ ಚುಚ್ಚಿ, ಅದು ಯುಎಸ್‌ಬಿ 3. ಕಪ್ಪು ಪೋರ್ಟಿಗೆ ಅಂದ್ರೆ ಯುಎಸ್‌ಬಿ 2ಕ್ಕೆ ಹಾಕಿದ್ರೆ ಸೆಕೆಂಡಿಗೆ 30 ಎಂಬಿ ಆಸುಪಾಸು, 180 ಜಿಬಿ ಡೇಟಾಗೆ ಒಂದೂಮುಕ್ಕಾಲು ಗಂಟೆ ಹತ್ರ, ನೀಲಿಗೆ ಹಾಕಿದ್ರೆ ಮುಕ್ಕಾಲು ಗಂಟೇಲಿ ಆಗಬಹುದು. ಮೆಷಿನ್ ಆನ್ ಮಾಡ್ತಾನೇ ಬೂಟ್ ಮೆನು ಕೀ ಒತ್ತಿ, ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಆಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್, ಪೆನ್‌ಡ್ರೈವ್ ಆರ್ಸಿ.

ಭಾಷೆ ಇಂಗ್ಲಿಷ್, ಕೀಬೋರ್ಡ್ ಇರೋದೇ ಇರಲಿ, ಸ್ಟಾರ್ಟ್ ಕ್ಲೋನ್‌ಜಿಲ್ಲಾ. ಆಮೇಲೆ ಡಿವೈಸ್-ಇಮೇಜ್, ಡಿವೈಸ್-ಡಿವೈಸ್ ಅಂತ ಕೇಳುತ್ತೆ, ಕ್ಲೋನ್‌ಗೆ ಎರಡನೇದು. ಬಿಗಿನರ್ ಮೋಡ್. ಡಿಸ್ಕ್ ಟು ಲೋಕಲ್ ಡಿಸ್ಕ್. ಇಲ್ಲಿ ನಿಲ್ಲಿ, ಎದ್ದು ಹೋಗಿ ನೀರು ಕುಡ್ಕೊಂಡ್ ಬನ್ನಿ, ಯಾಕಂದ್ರೆ ಮುಂದಿನ ಎರಡು ಸ್ಕ್ರೀನಲ್ಲೇ ಜನ ಹಾಳಾಗೋದು.

ಮೊದಲ್ನೇದು ಸೋರ್ಸ್, ಯಾವುದರಿಂದ. ಎರಡನೇದು ಟಾರ್ಗೆಟ್, ಯಾವುದಕ್ಕೆ. ವಿಂಡೋಸ್ ಥರ ಸಿ ಡಿ ಅಂತ ಇರಲ್ಲ, ಎಸ್‌ಡಿಎ, ಎಸ್‌ಡಿಬಿ ಥರದ ಹೆಸರಿರುತ್ತೆ, ಪಕ್ಕದಲ್ಲಿ ಸೈಜು, ಮಾಡೆಲ್, ಸೀರಿಯಲ್ ನಂಬರ್. ಕೆಲವು ವರ್ಷದ ಹಿಂದೆ ಒಬ್ರ ಕೆಲಸಕ್ಕೆ ಕೂತಾಗ ಅವರ ಹೊಸ 1 ಟಿಬಿ ಡಿಸ್ಕು, ನನ್ನ ಅಂಗಡಿಯ ಬ್ಯಾಕಪ್ 1 ಟಿಬಿ ಡಿಸ್ಕು ಎರಡೂ ಒಂದೇ ಕಂಪನೀದು, ಎರಡೂ ಕಪ್ಪು, ಎರಡೂ ಮೆಷಿನ್‌ಗೆ ಚುಚ್ಚಿದ್ವು. ಸಂಜೆ ಏಳೂವರೆ, ಬಾಗಿಲಲ್ಲಿ ಯಾರೋ ಆಧಾರ್ ಜೆರಾಕ್ಸ್‌ಗೆ ನಿಂತಿದ್ರು, ನಾನು ಅವರ ಕಡೆ ಕತ್ತು ತಿರುಗಿಸ್ಕೊಂಡೇ ಎಂಟರ್ ಹೊಡ್ದೆ. ಕ್ಲೋನ್‌ಜಿಲ್ಲಾ ಪಾಪ ಕೇಳ್ತು, ಈ ಡಿಸ್ಕಲ್ಲಿ ಇರೋದೆಲ್ಲ ಹೋಗುತ್ತೆ, ಗ್ಯಾರಂಟಿನಾ ಅಂತ. ವೈ ಒತ್ತಿದೆ. ಇನ್ನೊಂದ್ ಸಲ ಕೇಳ್ತು. ಇನ್ನೊಂದ್ ಸಲಾನೂ ವೈ ಒತ್ತಿದೆ. ಆರು ವರ್ಷದ ಲಗ್ನಪತ್ರಿಕೆ ಡಿಸೈನ್ ಬ್ಯಾಕಪ್ ಮೇಲೆ ಯಾರದ್ದೋ ವಿಂಡೋಸ್ ಕೂತ್ಬಿಡ್ತು. ಅಸಲು ಫೈಲ್‌ಗಳಲ್ಲಿ ಅರ್ಧ ಮೆಷಿನಲ್ಲಿದ್ವು, ಅರ್ಧ ಇರಲಿಲ್ಲ. ಇವತ್ತಿಗೂ ಯಾರಾದ್ರೂ "ಅಕ್ಕನ ಮದ್ವೆದು ಅದೇ ಡಿಸೈನ್ ಹಾಕ್ಕೊಡಿ" ಅಂದ್ರೆ ನಂಗೆ ಬೇರೆ ಕಡೆ ನೋಡ್ಬೇಕು ಅನ್ಸುತ್ತೆ.

ಅದಕ್ಕೇ ಈಗ ನಾನು ಹೊಸ ಡಿಸ್ಕಿನ ಸ್ಟಿಕ್ಕರ್ ಮೇಲಿರೋ ಸೀರಿಯಲ್ ನಂಬರ್‌ದು ಕೊನೇ ನಾಲ್ಕು ಅಕ್ಷರ ಅಂಗೈ ಮೇಲೆ ಪೆನ್ನಲ್ಲಿ ಬರ್ಕೋತೀನಿ, ಸ್ಕ್ರೀನ್ ಮೇಲಿನ ಟಾರ್ಗೆಟ್ಟಿಗೆ ತಾಳೆ ನೋಡ್ತೀನಿ. ಕೆಲವು ಯುಎಸ್‌ಬಿ ಕೇಬಲ್ ತನ್ನದೇ ನಂಬರ್ ತೋರ್ಸುತ್ತೆ, ಆಗ ಹಳೇ ಡಿಸ್ಕಿನ ನಂಬರ್ ಸೋರ್ಸಿಗೆ ತಾಳೆ ಆಗುತ್ತಾ ನೋಡಿ. ಮತ್ತೆ ಹಳೇದು, ಹೊಸದು, ಪೆನ್‌ಡ್ರೈವ್ ಈ ಮೂರು ಬಿಟ್ಟು ಬೇರೇನೂ ಮೆಷಿನ್‌ಗೆ ಚುಚ್ಚಿರಬಾರ್ದು. ಬ್ಯಾಕಪ್ ಡಿಸ್ಕ್ ಬೇರೆ ರೂಮಲ್ಲಿಡಿ ಅಂದಿದ್ದು ಇದಕ್ಕೇ. ಕಿರಾಕಿ ಬಂದ್ರೆ ಐದು ನಿಮಿಷ ಕೂರಕ್ಕೆ ಹೇಳಿ.

ಆಮೇಲೆ ಫೈಲ್ ಸಿಸ್ಟಮ್ ಚೆಕ್ ಮಾಡ್ಲಾ ಅಂತ ಕೇಳುತ್ತೆ, ಸ್ಕಿಪ್ ಅನ್ನಿ. ಹೊಸ ಡಿಸ್ಕ್ ದೊಡ್ಡದಿದ್ರೆ ಪಾರ್ಟಿಶನ್ ಟೇಬಲ್ ಕೇಳೋ ಜಾಗದಲ್ಲಿ ಕೆ1 ಆರ್ಸಿ, ಜಾಗನ ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತೆ, ಕೆ0 ಕೊಟ್ರೆ ಹಳೇ ಅಳತೇಲೇ ಇಳಿದು ಕೊನೇಲಿ ಖಾಲಿ ಜಾಗ ಉಳಿಯುತ್ತೆ, ಸಿ ಡ್ರೈವಿಗೂ ಖಾಲಿ ಜಾಗಕ್ಕೂ ಮಧ್ಯ ರಿಕವರಿ ಪಾರ್ಟಿಶನ್ ಅಡ್ಡ ಕೂತು ಎಕ್ಸ್‌ಟೆಂಡ್ ಮಾಡಕ್ಕೆ ಬಿಡಲ್ಲ, ಅದೊಂದು ಬೇರೆ ರಾಮಾಯಣ. ಮುಗಿದ್ ಮೇಲೆ ಏನ್ ಮಾಡ್ಲಿ ಅಂದ್ರೆ ಪವರ್ ಆಫ್. ವೈ, ವೈ, ಬೂಟ್ ಲೋಡರ್ ಕೇಳಿದ್ರೂ ವೈ. ಪಟ್ಟಿ ಓಡಕ್ಕೆ ಶುರು ಆದ್ ಮೇಲೆ ಕೇಬಲ್ ಮುಟ್ಟಬೇಡಿ.

ಆಯ್ತು ಅಂತ ಬಂದ ತಕ್ಷಣ ಜನ ಖುಷಿಯಾಗಿ ಹೊಸ ಡಿಸ್ಕನ್ನ ಡಬ್ಬಕ್ಕೆ ಹಾಕಿ ಬೀರುಲಿ ಇಡ್ತಾರೆ. ನನ್ನ ಲೆಕ್ಕದಲ್ಲಿ ಅವಾಗಿನ್ನೂ ಕ್ಲೋನ್ ಆಗೇ ಇಲ್ಲ. ಮೆಷಿನ್ ಪ್ಲಗ್ ಕಿತ್ತು, ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ಹೋಗ್ಲಿ ಅಂತ ಒಂದ್ಸಲ ಕ್ಯಾಬಿನೆಟ್ ಕಬ್ಬಿಣ ಮುಟ್ಟಿ, ಹಳೇ ಡಿಸ್ಕ್ ಹೊರಗೆ ತೆಗೆದು, ಹೊಸದನ್ನ ಅದೇ ಜಾಗಕ್ಕೆ ಹಾಕಿ ಆನ್ ಮಾಡಿ. ಎಸ್‌ಎಸ್‌ಡಿಗೆ ಡೆಸ್ಕ್‌ಟಾಪಲ್ಲಿ ಬ್ರಾಕೆಟ್ ಇಲ್ದಿದ್ರೆ ನಾನ್ ಡಬಲ್ ಟೇಪ್ ಹಾಕಿ ಅಂಟಿಸ್ತೀನಿ, ಒಳಗೆ ತಿರುಗೋದು ಏನಿಲ್ವಲ್ಲ. ಎರಡೂ ಡಿಸ್ಕ್ ಒಟ್ಟಿಗೆ ಸಿಕ್ಸಿ ಮೊದಲ್ನೇ ಸಲ ಬೂಟ್ ಮಾಡಲೇಬಾರ್ದು, ಎರಡರದ್ದೂ ಐಡಿ ಒಂದೇ ಆಗಿರೋದ್ರಿಂದ ವಿಂಡೋಸ್ ತಲೆ ಕೆಡಿಸ್ಕೊಂಡು ಒಂದನ್ನ ಆಫ್‌ಲೈನ್ ಮಾಡುತ್ತೆ, ನೀವು ಯಾವುದರಲ್ಲಿ ಕೂತಿದೀರ ಅಂತ ನಿಮ್ಗೇ ಗೊತ್ತಾಗಲ್ಲ.

ಬೂಟ್ ಆಗ್ದೇ ನೀಲಿ ಸ್ಕ್ರೀನ್ ಬಂದು ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂದ್ರೆ ಗಾಬರಿ ಬೇಡ, ಬಯೋಸ್‌ಗೆ ಹೋಗಿ ಸಾಟಾ ಮೋಡ್ ನೋಡಿ, ಮೊದಲು ಹೆಂಗಿತ್ತೋ ಹಂಗೇ ಇರ್ಬೇಕು, ಎಎಚ್‌ಸಿಐ ಇದ್ದದ್ದು ರೇಡ್ ಆಗಿರಬಾರ್ದು, ರೇಡ್ ಇದ್ದದ್ದು ಎಎಚ್‌ಸಿಐ ಆಗಿರಬಾರ್ದು. ಡಿಸ್ಕೇ ಕಾಣ್ತಿಲ್ಲ ಅಂದ್ರೆ ಯುಇಎಫ್ಐ, ಲೆಗಸಿ ಅನ್ನೋ ಬೂಟ್ ಸೆಟ್ಟಿಂಗೂ ಮೊದಲಿನ ಥರಾನೇ ಇದ್ಯಾ ನೋಡಿ. ಅದೂ ಸರಿ ಇದ್ರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿ ಸ್ಟಾರ್ಟಪ್ ರಿಪೇರ್ ಓಡ್ಸಿ.

ಡೆಸ್ಕ್‌ಟಾಪ್ ಬಂದ್ರೆ ಕೆಲಸ ಮಾಡಿ ನೋಡಿ, ಸುಮ್ನೆ ನೋಡೋದಲ್ಲ. ನಾನು ಒಂದು ಹಳೇ ಲಗ್ನಪತ್ರಿಕೆ ಫೈಲ್ ತೆಗೆದು, ಒತ್ತಕ್ಷರ ಎಲ್ಲಾ ಸರಿ ಕೂತಿದ್ಯಾ ನೋಡಿ, ಒಂದು ಪ್ರಿಂಟ್ ತೆಗೀತೀನಿ. ನೀವು ಟ್ಯಾಲಿ ತೆಗೆದು ನಿನ್ನೆಯ ವೋಚರ್ ಇದ್ಯಾ ನೋಡಿ, ಡಿಜಿಟಲ್ ಸಿಗ್ನೇಚರ್ ಟೋಕನ್ ಇದ್ರೆ ಹಾಕಿ ನೋಡಿ. ಡಿಸ್ಕ್ ಮಾತ್ರ ಬದಲಾದ್ರೆ ವಿಂಡೋಸ್ ಆಕ್ಟಿವೇಶನ್ ಸಾಮಾನ್ಯವಾಗಿ ಹೋಗಲ್ಲ. ಎನ್‌ಕ್ರಿಪ್ಶನ್ ಆಫ್ ಮಾಡಿದ್ರೆ ಈಗ ವಾಪಸ್ ಆನ್ ಮಾಡ್ಕೊಳ್ಳಿ. ಹಳೇ ಡಿಸ್ಕನ್ನ ಒಂದು ತಿಂಗಳು ಫಾರ್ಮ್ಯಾಟ್ ಮಾಡ್ಬೇಡಿ, ಎಷ್ಟೇ ಆಸೆ ಆದ್ರೂ.

ಕ್ಲೋನ್ ಆಗಿದ್ದು ಇವತ್ತಿನ ಕಂಪ್ಯೂಟರ್ರು, ನಾಳೆ ಮಾಡೋ ಕೆಲಸ ಅದ್ರಲ್ಲಿ ಇರಲ್ಲ. ಅದಕ್ಕೆ ತಿಂಗಳಿಗೊಂದ್ಸಲ ಇಮೇಜ್. ಕ್ಲೋನ್‌ಜಿಲ್ಲಾದಲ್ಲೇ ಡಿವೈಸ್-ಇಮೇಜ್ ಆರ್ಸಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಬಹುದು. ಇಲ್ಲಾ ವಿಂಡೋಸ್ ಕಂಟ್ರೋಲ್ ಪ್ಯಾನಲಲ್ಲಿ ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7 ಅಂತ ಪಕ್ಕದಲ್ಲಿ ಬರೆದಿರುತ್ತೆ, ಹೆಸರು ನೋಡಿ ಬಿಡಬೇಡಿ, 10ರಲ್ಲೂ 11ರಲ್ಲೂ ಇದೆ, ಅದ್ರಲ್ಲಿ ಕ್ರಿಯೇಟ್ ಎ ಸಿಸ್ಟಮ್ ಇಮೇಜ್. ಮೈಕ್ರೋಸಾಫ್ಟ್ 2017ರಲ್ಲೇ ಇದನ್ನ ಮುಂದುವರ್ಸಲ್ಲ ಅಂದಿದೆ, ಹಾಗಾಗಿ ಇದೊಂದನ್ನೇ ನಂಬ್ಕೊಂಡು ಕೂರೋದು ಬೇಡ. ದಿನದ ಫೈಲುಗಳಿಗೆ ಗೂಗಲ್ ಡ್ರೈವ್ ಫ್ರೀ ಕೊಡೋ 15 ಜಿಬಿ ಲೆಕ್ಕಪತ್ರಕ್ಕೆ ಧಾರಾಳ ಸಾಕು.

ಬ್ಯಾಕಪ್ ಆದ್ ತಕ್ಷಣ ಡಿಸ್ಕ್ ಕಿತ್ತಿಡಿ, ಚುಚ್ಚೇ ಬಿಟ್ರೆ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ ದಿನ ಅದೂ ಲಾಕ್, ಸಿಡಿಲು ಬಂದ ದಿನ ಅದೂ ಢಮಾರ್. ನಮ್ಮ ಕಡೆ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಡಿಸ್ಕ್ ಬಿಡುತ್ತಾ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ ಇಡಿ. ವರ್ಷಗಟ್ಟಲೆ ಮುಟ್ಟದೆ ಇಡೋದಕ್ಕೆ ಎಸ್‌ಎಸ್‌ಡಿಗಿಂತ ಹಾರ್ಡ್‌ಡಿಸ್ಕೇ ವಾಸಿ, ಎಸ್‌ಎಸ್‌ಡಿಗೆ ಕರೆಂಟೇ ಕಾಣದೆ ಬಹಳ ಕಾಲ ಬಿಟ್ರೆ ಡೇಟಾ ಸೋರುತ್ತೆ. ಒಂದು ಕಾಪಿ ಊರಾಚೆ ಇರ್ಲಿ. ನಂದು ಹಾಸನದಲ್ಲಿ ಅಕ್ಕನ ಮನೇಲಿದೆ, ಬೇಲೂರು ಮೇಲೆ 60 ಕಿಲೋಮೀಟರ್ ಚಿಲ್ಲರೆ, ಎರಡು ತಿಂಗಳಿಗೊಂದ್ಸಲ ಹೋದಾಗ ಹೊಸದು ಕೊಟ್ಟು ಹಳೇದು ತರ್ತೀನಿ. ಭಾವ ಇನ್ನೂ ಅದನ್ನ ಹಳೇ ಪವರ್ ಬ್ಯಾಂಕ್ ಅಂದ್ಕೊಂಡಿದಾರೆ.

ಹಾಂ, ರೈಟರ್ ಸಾಹೇಬ್ರ ಡಿಸ್ಕು. ಅದನ್ನ ಕ್ಲೋನ್‌ಜಿಲ್ಲಾಗೆ ಹಾಕಲಿಲ್ಲ, ಕೆಟ್ಟ ಸೆಕ್ಟರ್ ಸಿಕ್ಕಿದ್ರೆ ಅದು ನಿಂತ್ಬಿಡುತ್ತೆ. ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅಂತ ಒಂದಿದೆ, ಅದು ಮೊದ್ಲು ಸುಲಭವಾಗಿ ಓದೋದನ್ನೆಲ್ಲ ಎತ್ಕೊಂಡು, ಓದಕ್ಕೆ ಆಗದ ಜಾಗನ ಒಂದು ಮ್ಯಾಪ್ ಫೈಲಲ್ಲಿ ಗುರ್ತು ಹಾಕ್ಕೊಂಡು, ಕೊನೇಗೆ ಅವಕ್ಕೆ ವಾಪಸ್ ಬರುತ್ತೆ, ಮಧ್ಯ ನಿಲ್ಸಿದ್ರೂ ಅಲ್ಲಿಂದಲೇ ಮುಂದುವರಿಯುತ್ತೆ. ಎರಡು ಹಗಲು ಎರಡು ರಾತ್ರಿ ಓಡ್ತು, ಟೇಬಲ್ ಫ್ಯಾನ್ ಡಿಸ್ಕಿನ ಕಡೆ ತಿರುಗ್ಸಿ ನಾನು ಸೆಕೆ ತಡ್ಕೊಂಡೆ. ಟ್ಯಾಲಿ ಪೂರ್ತಿ ಬಂತು. ಚೆಕ್‌ರೋಲ್ ಬಂತು. ಒಂದು ವರ್ಷದ ಕುಯ್ಲು ಲೆಕ್ಕದ ಎಂಟು ಎಕ್ಸೆಲ್ ಫೈಲ್ ತೆಗೆಯಕ್ಕೇ ಆಗಲಿಲ್ಲ, ಅವರು ಕೈಬರಹದ ಪುಸ್ತಕ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ರು. ಎಸ್‌ಎಸ್‌ಡಿ ಜೊತೆ ಒಂದು ಎಕ್ಸ್‌ಟರ್ನಲ್ ಡಿಸ್ಕೂ ತಗೊಂಡ್ರು. ಮೊನ್ನೆ ಕಾಫಿ ಹಣ್ಣು ಕುಯ್ಲು ಮುಗಿಸಿ ಇಮೇಜ್ ತೆಗೆಸಕ್ಕೆ ಅಂತ ಅದನ್ನ ತಂದಿದ್ರು, ಡಬ್ಬದ ಮೇಲೆ ವೈಟ್ ಟೇಪ್ ಅಂಟಿಸಿ ಮಾರ್ಕರಲ್ಲಿ ತಾರೀಕು ಬರೆದಿದ್ರು, ಅದರ ಕೆಳಗೆ "ಮುದ್ದಾಂ ಧಣಿಗಳ ಮನೇಲಿ ಇಡಬೇಕು, ಆಫೀಸಲ್ಲಿ ಅಲ್ಲ."